ಮುಪ್ಪಿನ ನಾಯಿಗೊಂದು ಮನೆ

ಗೋರೆಗಾಂವಿನಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ದಾಟಿ ಆರೇ ಕಾಲೊನಿಯ ಮರಗಳ ಸಾಲಿನೊಳಕ್ಕೆ ಹೊಕ್ಕವರು, ಬೀದಿಯಲ್ಲಿಯೇ ಹುಟ್ಟಿ ಬೆಳೆದ ನಾಯಿಗಳಿಗಿಂತ ತೀರ ಭಿನ್ನವಾದ ಒಂದು ಪ್ರಾಣಿಯನ್ನು ರಸ್ತೆಯ ಅಂಚಿನಲ್ಲಿ ಆಗಾಗ ಕಾಣುವುದುಂಟು. ಅದು ಲ್ಯಾಬ್ರಡಾರ್ ಆಗಿರಬಹುದು, ಪೊಮೆರೇನಿಯನ್ ಆಗಿರಬಹುದು, ಜರ್ಮನ್ ಶೆಫರ್ಡ್ ಆಗಿರಬಹುದು. ಅದರ ಮೂತಿಯ ಕೂದಲು ನರೆತಿರುತ್ತದೆ, ಕಣ್ಣುಗಳಿಗೆ ನೀಲಿಬೆರೆತ ಮಂಜು ಕವಿದಿರುತ್ತದೆ, ಬಹುಕಾಲ ಪಟ್ಟಿ ಕಟ್ಟಿದ್ದ ಕೊರಳಿನ ಸುತ್ತ ರೋಮ ಸವೆದ ಗೆರೆಯೊಂದು ಉಳಿದಿರುತ್ತದೆ. ಹಾದುಹೋಗುವ ಪ್ರತಿಯೊಂದು ಕಾರಿಗೂ ಅದು ತಲೆಯೆತ್ತುತ್ತದೆ. ಯಾವ ಕಾರು ತನ್ನನ್ನು ಅಲ್ಲಿಗೆ ತಂದು ಇಳಿಸಿತೋ ಅದೇ ಕಾರು ಮರಳಿ ಬರುವುದೆಂದು ನಂಬಿರುವ ಪ್ರಾಣಿಗೆ ಬೇರೆ ಕೆಲಸವಾದರೂ ಏನಿರುತ್ತದೆ?

ಹೀಗೆ ಬಿಟ್ಟುಹೋಗುವವರೆಲ್ಲರೂ ಕಠಿಣಹೃದಯರೆಂದು ನಾನು ಹೇಳಲಾರೆ. ಈ ಉಪನಗರದ ಜೀವನಕ್ರಮವನ್ನು ಬಲ್ಲವರಿಗೆ ಕಾರಣಗಳು ಅಪರಿಚಿತವಲ್ಲ. ಹಳೆಯ ಕಟ್ಟಡಗಳೂ ಚಾಳುಗಳೂ ಒಂದರ ಹಿಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಸಿದ್ಧಾರ್ಥನಗರದ ಪತ್ರಾ ಚಾಳಿನ ನಿವಾಸಿಗಳು ತಮ್ಮ ಮನೆಗಳನ್ನು ಬಿಟ್ಟು ವರ್ಷಾನುವರ್ಷ ಬಾಡಿಗೆಯ ಮನೆಗಳಲ್ಲಿ ಅಲೆದದ್ದನ್ನು ಊರೆಲ್ಲ ಕಂಡಿದೆ. ಸ್ವಂತ ಖೋಲಿಯಲ್ಲಿ ನಿರಾತಂಕವಾಗಿ ನಾಯಿ ಸಾಕಿದ್ದ ಕುಟುಂಬವು ಹನ್ನೊಂದು ತಿಂಗಳ ಕರಾರಿನ ಬಾಡಿಗೆಮನೆಗೆ ಹೋಗಬೇಕಾದಾಗ, ಮನೆಯ ಯಜಮಾನನು ಕೇಳುವ ಮೊದಲನೆಯ ಪ್ರಶ್ನೆ ಮಾಂಸಾಹಾರದ ವಿಷಯವಾಗಿದ್ದರೆ ಎರಡನೆಯದು ನಾಯಿಯ ವಿಷಯವಾಗಿರುತ್ತದೆ. ಒಂಟಿಯಾಗಿದ್ದ ವೃದ್ಧರು ತೀರಿಕೊಂಡು ಪರದೇಶದಿಂದ ಬಂದ ಮಕ್ಕಳು ಬೀಗ ಹಾಕಿ ಹೊರಡುವ ಮನೆಗಳುಂಟು. ಮರಿಗಳ ವ್ಯಾಪಾರಕ್ಕಾಗಿ ಸೂಲಿನ ಮೇಲೆ ಸೂಲು ಹಡೆಸಿ, ಇನ್ನು ಮರಿ ಹಾಕಲಾರದೆಂದು ತಿಳಿದ ದಿನ ಹೆಣ್ಣುನಾಯಿಯನ್ನು ಹೊರದೂಡುವವರೂ ಉಂಟು. ಈ ಕೊನೆಯವರ ವಿಷಯದಲ್ಲಿ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಕಾಡಿನಂತಿರುವ ಜಾಗದಲ್ಲಿ ಬಿಟ್ಟರೆ ಹೇಗೋ ಬದುಕಿಕೊಳ್ಳುವುದೆಂಬ ಭಾವನೆಯೊಂದು ಜನರ ಮನಸ್ಸಿನಲ್ಲಿ ನೆಲೆಸಿದೆ. ಇದು ಪೂರ್ಣವಾಗಿ ಭ್ರಾಂತಿ. ಆರೇ ಕಾಲೊನಿಯು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿದೆ, ಅಲ್ಲಿ ಚಿರತೆಗಳಿವೆ, ಆ ಚಿರತೆಗಳ ಆಹಾರದಲ್ಲಿ ನಾಯಿಗಳ ಪಾಲು ದೊಡ್ಡದೆಂಬುದನ್ನು ವನ್ಯಜೀವಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಬೀದಿಯಲ್ಲಿ ಬೆಳೆದ ನಾಯಿಗೆ ಗುಂಪಿನ ಆಸರೆಯಿರುತ್ತದೆ, ಅಪಾಯದ ವಾಸನೆಯ ಅರಿವಿರುತ್ತದೆ. ಸೋಫಾದ ಮೇಲೆ ಮಲಗಿ ಬೆಳೆದ, ಕಿವಿ ಮಂದವಾದ, ಸೊಂಟ ಬಿದ್ದ ಪ್ರಾಣಿಗೆ ಇವೆರಡೂ ಇಲ್ಲ. ಚಿರತೆಯ ಬಾಯಿಗೆ ಬೀಳದಿದ್ದರೆ ಸ್ಥಳೀಯ ನಾಯಿಗಳ ಹಲ್ಲಿಗೆ, ಅದೂ ತಪ್ಪಿದರೆ ಹಸಿವಿಗೆ ಅದು ಈಡಾಗಲೇಬೇಕು.

ಇಂತಹ ನಾಯಿಯನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಬಂದು ಪ್ರಾಣ ಉಳಿಸಿದರೆಂದು ಭಾವಿಸೋಣ. ನಮ್ಮ ಚರ್ಚೆ ಸಾಮಾನ್ಯವಾಗಿ ಅಲ್ಲಿಗೆ ಮುಗಿದುಹೋಗುತ್ತದೆ, ಮುಖ್ಯವಾದ ಪ್ರಶ್ನೆ ಉದ್ಭವಿಸುವುದು ಅಲ್ಲಿಂದ ಮುಂದೆ. ಉಳಿದಿರುವ ಕೆಲವು ತಿಂಗಳುಗಳನ್ನೋ ಒಂದೆರಡು ವರ್ಷಗಳನ್ನೋ ಅದು ಎಲ್ಲಿ ಕಳೆಯಬೇಕು? ನಾಯಿಪ್ರಿಯರು 'ಫಾಸ್ಟರ್' ಎಂದು ಕರೆಯುವ ಪಾಲಕ ಮನೆಗಳು, ಎಂದರೆ ತಮ್ಮದಲ್ಲದ ನಾಯಿಯನ್ನು ತಮ್ಮಲ್ಲಿಟ್ಟುಕೊಂಡು ಸಲಹುವ ಕುಟುಂಬಗಳು, ಸಾಮಾನ್ಯವಾಗಿ ಮರಿಗಳಿಗೆ ದೊರೆಯುತ್ತವೆ, ಗಾಯ ಮಾಯುವವರೆಗೆ ಎಳೆಯ ನಾಯಿಗಳಿಗೆ ದೊರೆಯುತ್ತವೆ. ವೃದ್ಧವೂ ರೋಗಿಯೂ ಆದ ನಾಯಿಗೆ ಮಾತ್ರ ದೊರೆಯುವುದಿಲ್ಲ. ದೊರೆಯಬೇಕು, ಮತ್ತು ಈ ನಗರದ ಸಣ್ಣ ಮನೆಗಳೇ ಅದಕ್ಕೆ ಅತ್ಯಂತ ಯೋಗ್ಯವಾದ ಸ್ಥಳಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಹೊರೆಯನ್ನು ಒಂದೇ ಮನೆಯ ತಲೆಯ ಮೇಲೆ ಹೇರುವುದು ನ್ಯಾಯವಲ್ಲವೆಂಬುದನ್ನೂ ಅಷ್ಟೇ ಒತ್ತಿ ಹೇಳಬೇಕಾಗಿದೆ.

ಮುಂಬಯಿಗೆ ನಾಯಿಯ ವಿಷಯದಲ್ಲಿ ದೀರ್ಘವಾದ ಇತಿಹಾಸವುಂಟು. 1832ರ ಜೂನ್ ತಿಂಗಳಿನಲ್ಲಿ, ಒಡೆಯರಿಲ್ಲದ ನಾಯಿಗಳನ್ನು ಕೊಂದವರಿಗೆ ತಲೆಗಿಷ್ಟೆಂದು ಹಣ ಕೊಡುವ ಅಂದಿನ ಆಡಳಿತದ ಕ್ರಮವನ್ನು ಪ್ರತಿಭಟಿಸಿ ಕೋಟೆಯೊಳಗಿನ ಪಾರ್ಸಿಗಳು ಬೀದಿಗಿಳಿದರು, ಅನ್ಯಮತೀಯರೂ ಅವರೊಡನೆ ಸೇರಿದರು, ಅಂಗಡಿಗಳು ಮುಚ್ಚಿದವು, ಗಲಭೆಯನ್ನು ಅಡಗಿಸಲು ಸೈನ್ಯವು ಬರಬೇಕಾಯಿತು. ಮೃತನ ದೇಹವನ್ನು ನಾಯಿಯ ದೃಷ್ಟಿಗೆ ತರುವ 'ಸಗ್‌ದೀದ್' ಎಂಬ ವಿಧಿಯನ್ನು ಅಂತ್ಯಸಂಸ್ಕಾರದಲ್ಲಿ ಇಟ್ಟುಕೊಂಡಿದ್ದ ಜನಾಂಗಕ್ಕೆ ನಾಯಿಯ ಹತ್ಯೆಯು ಧರ್ಮದ ಮೇಲಿನ ಆಘಾತವಾಗಿಯೇ ಕಂಡಿತ್ತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮ್ಷೆಟ್‌ಜಿ ಜೀಜೀಭಾಯಿಯವರೂ ಜೈನ ವರ್ತಕರೂ ಕೂಡಿ ಭೂಲೇಶ್ವರದಲ್ಲಿ ಪಾಂಜರಾಪೋಳವೆಂಬ ಪ್ರಾಣಿಗಳ ಆಶ್ರಯಧಾಮವನ್ನು ಸ್ಥಾಪಿಸಿದರು. ಆ ಶತಮಾನ ಮುಗಿಯುವುದರೊಳಗೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಅವರ ಹೆಸರಿನ ಪ್ರಾಣಿ ಚಿಕಿತ್ಸಾಲಯವು ತಲೆಯೆತ್ತಿತು. ಇಂದಿಗೂ ಅದು ನಡೆಯುತ್ತಿದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟಿನವರು ಸಾಕುಪ್ರಾಣಿಗಳಿಗಾಗಿ ತೆರೆದ ಬಹುಮಹಡಿಯ ಆಸ್ಪತ್ರೆಯನ್ನು ಈ ಪರಂಪರೆಯ ಇತ್ತೀಚಿನ ಕೊಂಡಿಯೆನ್ನಬಹುದು.

ಈ ಸಂಸ್ಥೆಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಪ್ರಾಣಿಯನ್ನು ಕೊಲೆಯಿಂದ ಉಳಿಸುವ ಕೆಲಸ, ಖಾಯಿಲೆಯನ್ನು ಗುಣಪಡಿಸುವ ಕೆಲಸ ಇವೆರಡಕ್ಕೂ ಸೇರದ ಮೂರನೆಯ ಕೆಲಸವೊಂದಿದೆ: ಗುಣವಾಗದ ದೇಹವನ್ನು ನೆಮ್ಮದಿಯಿಂದ ಅದರ ಅಂತ್ಯದವರೆಗೆ ಕರೆದೊಯ್ಯುವುದು. ಇದು ಆಸ್ಪತ್ರೆಯ ಕಾರ್ಯವೂ ಅಲ್ಲ, ಆಶ್ರಯಧಾಮದ ಸಾಮರ್ಥ್ಯಕ್ಕೆ ಒಳಪಟ್ಟುದೂ ಅಲ್ಲ. ಎಷ್ಟೇ ಸದುದ್ದೇಶದಿಂದ ನಡೆಸಿದರೂ ಆಶ್ರಯಧಾಮವೆಂದರೆ ಕಾಂಕ್ರೀಟಿನ ನೆಲ, ಎಡೆಬಿಡದ ಬೊಗಳಾಟ, ಒಂದು ನಾಯಿಯಿಂದ ಇನ್ನೊಂದಕ್ಕೆ ಹಬ್ಬುವ ಸೋಂಕು, ಅನ್ನದ ತಟ್ಟೆಯ ಬಳಿ ಎಳೆಯವುಗಳ ನೂಕಾಟ. ದತ್ತು ಪಡೆಯಲು ಬರುವ ಕುಟುಂಬವು ನೇರವಾಗಿ ಮರಿಗಳ ಕಡೆಗೆ ನಡೆಯುತ್ತದೆ, ಮೂಲೆಯಲ್ಲಿ ಮಲಗಿರುವ ಮುದಿಪ್ರಾಣಿಯ ಹೆಸರನ್ನು ಕೇಳುವವರಿಲ್ಲ. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂತಹ ಸ್ಥಳಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಿ ಆಶ್ರಯಗಳಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿದ ಮೇಲಂತೂ ಈ ಆಶ್ರಯಗಳ ಮೇಲಿನ ಭಾರ ಹೆಚ್ಚದೆ ಇರಲಾರದು. ಭಾರ ಹೆಚ್ಚಿದಾಗ ಮೊದಲು ನಲುಗುವುದು ದುರ್ಬಲವಾದ ಜೀವ.

ಮುದಿ ನಾಯಿಯ ಆರೋಗ್ಯ ಕ್ಷೀಣಿಸುವುದೆಂದರೆ ಏನೆಂಬುದನ್ನು ಹತ್ತಿರದಿಂದ ಕಂಡವನಾದುದರಿಂದ ಅದರ ವಿವರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಮ್ಮ ಮನೆಗೆ ಬಂದ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಕಟ್ಟಡದ ಮಕ್ಕಳು ಮರಾಠಿಯ ರೂಢಿಯಂತೆ 'ಆಜಿ' ಎಂದು ಕರೆದರು. ಆ ಹೆಸರೇ ನಿಂತಿತು. ಜೋತುಬಿದ್ದ ಮೊಲೆಗಳನ್ನು ನೋಡಿದ ಡಾಕ್ಟರು ಇದನ್ನು ಮರಿಗಳಿಗಾಗಿಯೇ ಸಾಕಿದ್ದರೆಂದು ಹೇಳಿದರು. ಹಿಂಗಾಲಿನ ಕೀಲುಗಳು ಸವೆದಿದ್ದವು, ಕಿವಿ ಪೂರ್ಣವಾಗಿ ಕೇಳುತ್ತಿರಲಿಲ್ಲ, ಹಲ್ಲುಗಳು ಕೊಳೆತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಮೂತ್ರಪಿಂಡಗಳು ತಮ್ಮ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಿದ್ದವು.

ಮೂತ್ರಪಿಂಡ ಸೋತ ನಾಯಿ ಬಹಳ ನೀರು ಕುಡಿಯುತ್ತದೆ, ಅದಕ್ಕೆ ತಕ್ಕಂತೆ ಮೂತ್ರವನ್ನೂ ಹಾಕುತ್ತದೆ. ಎಷ್ಟೋ ವೇಳೆ ಬಾಗಿಲವರೆಗೆ ತಡೆದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ನೆಲ ಒದ್ದೆಯಾಗುವುದೆಂದು ನೀರಿನ ಬಟ್ಟಲನ್ನು ಎತ್ತಿಡುವ ಮನೆಗಳನ್ನು ನಾನು ಬಲ್ಲೆ. ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ರಕ್ತದಲ್ಲಿ ಸೇರುತ್ತಿರುವ ಕಲ್ಮಷವನ್ನು ಹೊರಹಾಕಲು ದೇಹವು ಬೇಡುತ್ತಿರುವ ಒಂದೇ ಸಾಧನ ನೀರು; ಅದನ್ನು ಕಸಿದರೆ ರೋಗಕ್ಕೆ ನಾವೇ ನೆರವಾದಂತೆ. ಕುಡಿಯುವ ನೀರು ಸಾಲದಾದಾಗ ಸಲೈನನ್ನು ಚರ್ಮದ ಕೆಳಗೆ ಕೊಡುವ ಕ್ರಮವೊಂದಿದೆ, ಡಾಕ್ಟರು ಕಲಿಸಿಕೊಟ್ಟರೆ ಮನೆಯವರೇ ಅದನ್ನು ಮಾಡಬಹುದು. ಸಲೈನಿನ ಚೀಲವನ್ನು ಕಿಟಕಿಯ ಗ್ರಿಲ್ಲಿಗೆ ತೂಗುಹಾಕಿ, ಹೆಗಲೆರಡರ ನಡುವಿನ ಸಡಿಲವಾದ ಚರ್ಮವನ್ನು ಎಡಗೈಯಿಂದ ಡೇರೆಯಂತೆ ಮೇಲೆತ್ತಿ, ಅದರ ಬುಡಕ್ಕೆ ಸೂಜಿಯನ್ನು ಚುಚ್ಚಬೇಕು. ಹನಿಹನಿಯಾಗಿ ಇಳಿದ ದ್ರವವು ಹೆಗಲ ಮೇಲೆ ಒಂದು ಮೆತ್ತನೆಯ ಗಡ್ಡೆಯಾಗಿ ನಿಂತು, ರಾತ್ರಿಯ ಹೊತ್ತಿಗೆ ಮುಂಗಾಲಿನ ಕಡೆಗೆ ಜಾರಿ, ಬೆಳಗಾಗುವಷ್ಟರಲ್ಲಿ ಮೈಯಲ್ಲಿ ಇಂಗಿಹೋಗುತ್ತದೆ. ಮೊದಲ ಸಲ ಆ ಗಡ್ಡೆಯನ್ನು ಕಂಡವರು ಗಾಬರಿಯಾಗುತ್ತಾರೆ, ಗಾಬರಿಗೆ ಕಾರಣವಿಲ್ಲ. ಆಜಿಯಾದರೋ ಆ ಹೊತ್ತಿನಲ್ಲಿ ನನ್ನ ಹೆಂಡತಿಯ ಪಾದದ ಮೇಲೆ ಮೂತಿಯನ್ನಿಟ್ಟು, ಚೀಲ ಬರಿದಾಗುವವರೆಗೆ ಅಲ್ಲಾಡದೆ ಮಲಗಿರುತ್ತಿದ್ದಳು. ಆಗ ಕೈಗೆ ಸಿಗುತ್ತಿದ್ದ ಅವಳ ನಂಬಿಕೆಯನ್ನು, ಅವಳನ್ನು ಮರಿಯಾಗಿದ್ದಾಗಿನಿಂದ ಸಾಕಿದ್ದರೂ ನಾವು ಇನ್ನೂ ಹೆಚ್ಚಾಗಿ ಪಡೆಯುತ್ತಿದ್ದೆವೆಂದು ನನಗೆ ತೋರುವುದಿಲ್ಲ.

ನುಣುಪಾದ ಟೈಲ್ಸಿನ ನೆಲವು ಮುಂಬಯಿಯ ಮನೆಗಳಲ್ಲಿ ಮುದಿ ನಾಯಿಯ ದೊಡ್ಡ ಶತ್ರು. ಹಿಂಗಾಲು ಜಾರಿ ಒಮ್ಮೆ ಬಿದ್ದ ನಾಯಿ ಮತ್ತೆ ಏಳಲು ಹೆದರುತ್ತದೆ, ಹೆದರಿ ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಏಳುವುದು ಇನ್ನೂ ಕಷ್ಟವಾಗುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲವರೆಗೆ, ಅಲ್ಲಿಂದ ಬಾಗಿಲವರೆಗೆ ತೆಂಗಿನ ನಾರಿನದೋ ರಬ್ಬರಿನದೋ ಚಾಪೆಗಳನ್ನು ಸಾಲಾಗಿ ಹಾಸಿದರೆ ಈ ದುಶ್ಚಕ್ರವನ್ನು ಬಹಳ ಮಟ್ಟಿಗೆ ತಡೆಯಬಹುದು. ಮೆಟ್ಟಿಲಿಳಿಯುವಾಗ ಹೊಟ್ಟೆಯ ಕೆಳಗೆ ದಪ್ಪ ಟವಲೊಂದನ್ನು ಹಾಯಿಸಿ ಎರಡು ತುದಿಗಳನ್ನೂ ಹಿಡಿದರೆ ದೇಹದ ಅರ್ಧ ಭಾರವನ್ನು ನಾವು ಹೊತ್ತಂತಾಗುತ್ತದೆ. ಕುರುಡಾದ ನಾಯಿಯ ಮನೆಯಲ್ಲಿ ಕುರ್ಚಿ ಮೇಜುಗಳ ಸ್ಥಾನವನ್ನು ಬದಲಿಸಬಾರದು. ಕಿವುಡಾದುದನ್ನು ಹಿಂದಿನಿಂದ ಹಠಾತ್ತನೆ ಮುಟ್ಟಬಾರದು, ಬೆಚ್ಚಿ ಕಚ್ಚೀತು. ನೆಲವನ್ನು ಕಾಲಿನಿಂದ ಮೆಲ್ಲನೆ ತಟ್ಟಿದರೆ ಅದರ ಕಂಪನವೇ ಕರೆಯಾಗುತ್ತದೆ. ಮಧ್ಯರಾತ್ರಿಯಲ್ಲಿ ಎದ್ದು ಗೋಡೆಯನ್ನು ದಿಟ್ಟಿಸುತ್ತ ನಿಲ್ಲುವ, ಪರಿಚಿತವಾದ ಕೋಣೆಯಲ್ಲಿಯೇ ದಾರಿತಪ್ಪುವ ನಾಯಿಗೆ ಹಿಡಿದಿರುವುದು ದೆವ್ವವಲ್ಲ, ಹಟವೂ ಅಲ್ಲ; ಮನುಷ್ಯರ ಮರೆವಿನ ರೋಗದಂತೆಯೇ ಮಿದುಳಿಗೆ ಬಂದ ಮುಪ್ಪು. ಮತ್ತೊಂದು ಮಾತನ್ನು ಕಡ್ಡಾಯವಾಗಿ ಹೇಳಬೇಕು: ನೋವಿನಿಂದ ನರಳುವುದನ್ನು ನೋಡಲಾರದೆ ನಮ್ಮ ಡಬ್ಬಿಯಲ್ಲಿರುವ ಐಬುಪ್ರೊಫೆನ್‌ನಂತಹ ಮಾತ್ರೆಯನ್ನು ನಾಯಿಗೆ ಕೊಡಕೂಡದು. ಅದು ಜಠರದಲ್ಲಿ ಹುಣ್ಣನ್ನೆಬ್ಬಿಸಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮಳೆಗಾಲದಲ್ಲಿ ಉಣ್ಣೆಗಳ ಉಪದ್ರವ ವಿಪರೀತ. ಉಣ್ಣೆಯಿಂದ ಬರುವ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ಟುಗಳು ಕುಸಿದು ಮೂಗಿನಿಂದ ರಕ್ತ ಸುರಿದ ನಾಯಿಗಳನ್ನು ಇಲ್ಲಿನ ವೈದ್ಯರು ಪ್ರತಿವರ್ಷವೂ ಕಾಣುತ್ತಾರೆ.

ಇಷ್ಟು ಓದಿದವರು, ಇಂತಹ ಸಂಕಟವನ್ನು ಕೈಯಾರೆ ಮನೆಯೊಳಗೆ ಕರೆದುಕೊಳ್ಳುವುದೇಕೆ, ಸ್ವಲ್ಪ ಕಾಲದಲ್ಲಿ ಸಾಯಲಿರುವ ಪ್ರಾಣಿಯನ್ನು ತಂದುಕೊಂಡು ಅಳುವುದೇಕೆ ಎಂದು ಕೇಳಿದರೆ ಅವರನ್ನು ನಾನು ಆಕ್ಷೇಪಿಸಲಾರೆ. ಆದರೆ ಆ ಅಲ್ಪಕಾಲವೇ ನನ್ನ ವಾದಕ್ಕೆ ಬಲವಾದ ಆಧಾರ. ಮರಿಯನ್ನು ತರುವವನು ಹನ್ನೆರಡು ಹದಿನೈದು ವರ್ಷಗಳಿಗೆ ಮಾತು ಕೊಡುತ್ತಾನೆ. ಹನ್ನೊಂದು ತಿಂಗಳಿಗೊಮ್ಮೆ ಮನೆಯ ಕರಾರನ್ನು ನವೀಕರಿಸಬೇಕಾದ ನಗರದಲ್ಲಿ ಎಷ್ಟು ಜನ ಆ ಮಾತನ್ನು ಉಳಿಸಿಕೊಳ್ಳಬಲ್ಲರು? ಉಳಿಸಿಕೊಳ್ಳಲಾರದವರ ನಾಯಿಗಳೇ ಅಲ್ಲವೆ ಆರೇ ರಸ್ತೆಯ ಅಂಚಿನಲ್ಲಿ ನಿಲ್ಲುವುದು? ಮುದಿ ನಾಯಿಯ ಪಾಲನೆಯಲ್ಲಿ ಅಂತಹ ಅಸಾಧ್ಯವಾದ ವಾಗ್ದಾನವನ್ನು ಯಾರೂ ಬೇಡುವುದಿಲ್ಲ. ಒಂದು ಮಳೆಗಾಲವನ್ನು, ಒಂದು ಚಳಿಗಾಲವನ್ನು, ಅದೃಷ್ಟವಿದ್ದರೆ ಮತ್ತೊಂದು ವರ್ಷವನ್ನು ಕೊಡಬಲ್ಲೆನೆಂದರೆ ಸಾಕು. ಮೇಲಾಗಿ ಮುದಿ ನಾಯಿಗೆ ಓಡಾಡಲು ಬಯಲು ಬೇಡ, ಅದು ದಿನದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುತ್ತದೆ, ಚಪ್ಪಲಿ ಕಚ್ಚುವುದಿಲ್ಲ, ಸೋಫಾ ಹರಿಯುವುದಿಲ್ಲ. ಹೋಟೆಲಿನ ಗಲ್ಲಾದಿಂದಲೋ ಬ್ಯಾಂಕಿನ ಮೇಜಿನಿಂದಲೋ ನಿವೃತ್ತರಾಗಿ, ಮಕ್ಕಳು ಕೆಲಸಕ್ಕೆ ಹೋದ ಮೇಲೆ ಇಡೀ ಹಗಲು ಎರಡು ಕೋಣೆಗಳಲ್ಲಿ ಕುಳಿತಿರುವ ನಮ್ಮ ಹಿರಿಯರ ದಿನಚರಿಗೆ ಇದಕ್ಕಿಂತ ಹೊಂದುವ ಜೊತೆಗಾರ ಪ್ರಾಣಿಯನ್ನು ನಾನು ಕಾಣೆ.

ಎಲ್ಲ ಮುದಿ ನಾಯಿಗಳನ್ನೂ ಮನೆಯೊಳಗೆ ತರಬೇಕೆಂದು ಇದರ ಅರ್ಥವಲ್ಲ. ಹತ್ತು ವರ್ಷ ಒಂದೇ ಗಲ್ಲಿಯಲ್ಲಿ ಬಾಳಿದ ಬೀದಿನಾಯಿಗೆ ಆ ಗಲ್ಲಿಯೇ ಮನೆ. ಪಾನ್ ಅಂಗಡಿಯ ನೆರಳೂ ವಾಚ್‌ಮನ್ನನ ಕುರ್ಚಿಯ ಪಕ್ಕದ ಜಾಗವೂ ಅದರ ಆಸ್ತಿ. ಅಂತಹುದಕ್ಕೆ ಅಲ್ಲಿಯೇ ಗೋಣಿಚೀಲವನ್ನೂ ಔಷಧವನ್ನೂ ಒದಗಿಸುವುದು ಅನೇಕ ವೇಳೆ ಹೆಚ್ಚು ದಯೆಯ ಕೆಲಸ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ಸಮುದಾಯದ ಪ್ರಾಣಿಯೆಂದು ಗುರುತಿಸಿರುವುದು ಈ ದೃಷ್ಟಿಯಿಂದ ಸಮಂಜಸವಾಗಿದೆ. ನನ್ನ ಮಾತು ಮುಖ್ಯವಾಗಿ ಮನೆಯಿಂದ ಹೊರದೂಡಲ್ಪಟ್ಟವುಗಳನ್ನೂ, ಬೀದಿಯಲ್ಲಿ ಇನ್ನು ಬದುಕಲಾರದಷ್ಟು ಕೃಶವಾದವುಗಳನ್ನೂ ಕುರಿತದ್ದು. ಹಾಗೆಯೇ ಮನೆಯಲ್ಲಿ ತೆವಳುವ ಮಗುವಿದ್ದರೆ, ರಾತ್ರಿ ಎದ್ದು ನೋಡುವವರಿಲ್ಲದಿದ್ದರೆ, ಮನೆಯವರಲ್ಲೊಬ್ಬರಿಗೆ ಮನಸ್ಸಿಲ್ಲದಿದ್ದರೆ, ಕನಿಕರದ ಆವೇಶದಲ್ಲಿ ಒಪ್ಪಿಕೊಳ್ಳುವುದು ತಪ್ಪು. ಎರಡು ವಾರಗಳ ಬಳಿಕ ಹಿಂದಿರುಗಿಸಲ್ಪಟ್ಟ ನಾಯಿಯು ಎರಡನೆಯ ಸಲ ಪರಿತ್ಯಕ್ತವಾಗುತ್ತದೆ.

ಕನ್ನಡಿಗರಾದ ನಮಗೆ ನಾಯಿಯನ್ನು ಗೌರವಿಸುವುದು ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲನ್ನು ಬಲ್ಲವರು ಬಲ್ಲರು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ ಅದು. ಆ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೆರನೆಂಬ ವೀರನು, ಬೇಕಾದುದನ್ನು ಬೇಡೆಂದಾಗ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ದತ್ತವಾಯಿತು. ನಾಯಿಯೊಂದರ ಮರಣವನ್ನು ಇಷ್ಟು ಗಂಭೀರವಾಗಿ ದಾಖಲಿಸಿದ ನಾಡು ನಮ್ಮದೆಂಬುದು ಹೆಮ್ಮೆಯ ವಿಷಯವೇ ಸರಿ. ಮೈಲಾರಲಿಂಗನ ಸನ್ನಿಧಿಯಲ್ಲಿ ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ವಗ್ಗಯ್ಯಗಳ ಸಂಪ್ರದಾಯವೂ ನಮ್ಮದೇ; ಅದೇ ದೇವರನ್ನು ಖಂಡೋಬನೆಂದು ಪೂಜಿಸುವ ಮರಾಠಿ ಜನರಿಗೂ ನಾಯಿ ಅವನ ಪರಿವಾರದ ಪ್ರಾಣಿ.

ಆದರೆ ಈ ಗೌರವಗಳೆಲ್ಲ ಸೇವೆ ಮಾಡಿದ ನಾಯಿಗೆ ಸಂದವು ಎಂಬುದನ್ನು ಗಮನಿಸಬೇಕು. ಕಾಳಿ ಹಂದಿಯನ್ನು ಕೊಂದಿತು, ಬೇರೆ ಬೇರೆ ಕಥೆಗಳ ನಾಯಿಗಳು ಒಡೆಯನ ಮನೆಯನ್ನು ಕಾದವು, ಕಳ್ಳನನ್ನು ಹಿಡಿದವು. ಗೋರೆಗಾಂವಿನ ಮೂರನೆಯ ಮಹಡಿಗೆ ಬಂದು ಮಲಗುವ ಕುರುಡು ನಾಯಿ ನಮಗಾಗಿ ಏನನ್ನೂ ಮಾಡಿಲ್ಲ, ಮುಂದೆ ಮಾಡುವುದೂ ಇಲ್ಲ. ಅದು ಕಾವಲು ಕಾಯಿತಾದರೆ ಬೇರೆಯವರ ಬಾಗಿಲಿನಲ್ಲಿ. ಅದು ಬಾಲವಾಡಿಸಿ ಸಂತೋಷಪಡಿಸಿದ್ದು ಬೇರೆಯವರ ಮಕ್ಕಳನ್ನು. ಅನ್ಯರ ಋಣವನ್ನು ನಾವು ತೀರಿಸಬೇಕೆ ಎಂದು ಕೇಳಿದರೆ, ತೀರಿಸಬೇಕೆಂದೇ ನನ್ನ ಉತ್ತರ. ಉಪಕಾರಕ್ಕೆ ಪ್ರತ್ಯುಪಕಾರವೆಂಬ ಲೆಕ್ಕದಲ್ಲಿ ನಡೆದುಕೊಂಡರೆ ವೃದ್ಧಾಪ್ಯಕ್ಕೆ, ರೋಗಕ್ಕೆ, ಅಸಹಾಯತೆಗೆ ಎಂದಿಗೂ ಪಾಲು ಸಿಗಲಾರದು. ಕೊಡಲು ಏನೂ ಉಳಿಯದ ಸ್ಥಿತಿಯಲ್ಲವೆ ಅವು?

ಇನ್ನು ಹೊರೆಯ ಹಂಚಿಕೆಯ ಮಾತು. ಮುದಿ ನಾಯಿಯ ಪಾಲನೆಗೆ ದುಡ್ಡು ಬೇಕು: ರಕ್ತಪರೀಕ್ಷೆ, ಸಲೈನ್, ಮಾತ್ರೆ, ವಿಶೇಷ ಆಹಾರ, ದೊಡ್ಡ ನಾಯಿಯನ್ನು ಕಂಡೊಡನೆ ಮುಂದೆ ಸಾಗುವ ರಿಕ್ಷಾಗಳ ಊರಿನಲ್ಲಿ ಅದನ್ನು ಆಸ್ಪತ್ರೆಗೆ ಸಾಗಿಸುವ ವಾಹನದ ಖರ್ಚು. ಮನೆಯನ್ನೂ ನಿದ್ರೆಯನ್ನೂ ಕೊಡುವ ಕುಟುಂಬವೇ ಇವೆಲ್ಲವನ್ನೂ ಕೊಡಬೇಕೆಂದು ನಿರೀಕ್ಷಿಸುವುದರಿಂದಲೇ ಸಾಮಾನ್ಯರು ಹಿಂಜರಿಯುತ್ತಾರೆ. ಅಮೆರಿಕದ ಟೆನೆಸೀ ರಾಜ್ಯದಲ್ಲಿ ಮುದಿ ನಾಯಿಗಳಿಗಾಗಿಯೇ ಇರುವ 'ಓಲ್ಡ್ ಫ್ರೆಂಡ್ಸ್' ಎಂಬ ಆಶ್ರಯಸಂಸ್ಥೆಯು ನಾಯಿಯನ್ನು ಅದರ ಜೀವಿತಾಂತ್ಯದವರೆಗೆ ಒಂದು ಕುಟುಂಬದಲ್ಲಿ ಇರಿಸಿ, ವೈದ್ಯಕೀಯ ವೆಚ್ಚವನ್ನು ತಾನೇ ವಹಿಸಿಕೊಳ್ಳುತ್ತದೆ. ನಾಯಿ ಕಾಗದದ ಮೇಲೆ ಸಂಸ್ಥೆಯದು, ಬಾಳುವುದು ಮನೆಯಲ್ಲಿ. ನಮ್ಮಲ್ಲಿ ಬಿಡಿಬಿಡಿಯಾಗಿ ಕೆಲವರು ಇದನ್ನೇ ಮಾಡುತ್ತಿದ್ದಾರೆ, ಅದು ವ್ಯವಸ್ಥೆಯಾಗಬೇಕು. ದಾನಿಗಳು ಪಂಜರಗಳನ್ನು ಕಟ್ಟಿಸಲು ಕೊಡುವ ಹಣದಲ್ಲಿ ಒಂದು ಭಾಗವನ್ನು ಇಂತಹ ಮನೆಗಳ ಔಷಧದ ಚೀಟಿಗೆ ಮೀಸಲಿಟ್ಟರೆ, ಒಂದು ಹೊಸ ಕಟ್ಟಡದ ಖರ್ಚಿನಲ್ಲಿ ಎಷ್ಟೋ ಮುಪ್ಪುಗಳಿಗೆ ನೆಲೆ ಸಿಕ್ಕೀತು.

ಹೌಸಿಂಗ್ ಸೊಸೈಟಿಗಳ ಪಾತ್ರ ಇದರಲ್ಲಿ ನಿರ್ಣಾಯಕವಾದುದು. ಸಾಕುಪ್ರಾಣಿಗಳನ್ನು ನಿಷೇಧಿಸಲು, ಬಹುಮತದಿಂದಾದರೂ, ಸೊಸೈಟಿಗೆ ಅಧಿಕಾರವಿಲ್ಲವೆಂದೂ, ಲಿಫ್ಟಿನಿಂದ ಅವುಗಳನ್ನು ಹೊರಗಿಡಬಾರದೆಂದೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿಯೇ ತಿಳಿಸಿದೆ. ಎಳೆಯ ನಾಯಿ ಮೆಟ್ಟಿಲು ಹತ್ತೀತು. ಸವೆದ ಕೀಲಿನ ನಾಯಿಗೆ ಲಿಫ್ಟನ್ನು ನಿರಾಕರಿಸಿದರೆ ಅದರ ಪ್ರತಿಯೊಂದು ಹೊರಸಂಚಾರವೂ ಶಿಕ್ಷೆಯಾಗುತ್ತದೆ. ಅದೇ ಸಮಯದಲ್ಲಿ ನೆರೆಹೊರೆಯವರ ಭಯವನ್ನು ತಾತ್ಸಾರ ಮಾಡುವ ಪ್ರಾಣಿಪ್ರಿಯರ ಧೋರಣೆಯನ್ನೂ ನಾನು ಒಪ್ಪುವುದಿಲ್ಲ. ಹುಚ್ಚುನಾಯಿ ರೋಗವು ಲಕ್ಷಣಗಳು ಕಾಣಿಸಿಕೊಂಡ ಮೇಲೆ ಪ್ರಾಯಶಃ ತಪ್ಪದೆ ಪ್ರಾಣವನ್ನು ತೆಗೆದುಕೊಳ್ಳತಕ್ಕ ರೋಗ. ಮಕ್ಕಳ ತಂದೆತಾಯಿಗಳು ಹೆದರುವುದು ಸಹಜ. ಪಾಲನೆಗೆ ಬಂದ ನಾಯಿಯ ಲಸಿಕೆಯ ಪತ್ರವನ್ನು ಕೇಳುವ ಮೊದಲೇ ತೋರಿಸುವುದು, ಹೊರಗೆ ಸದಾ ಹಗ್ಗದಲ್ಲಿ ಹಿಡಿದಿರುವುದು, ಮೆಟ್ಟಿಲಮೇಲಾದ ಮಲಿನವನ್ನು ಕೂಡಲೆ ತೊಳೆಯುವುದು ಪಾಲಕನ ಕರ್ತವ್ಯ.

ಕಾನೂನಿನ ವಿಷಯದಲ್ಲಿ ನನ್ನ ಮನಸ್ಸು ಕುದಿಯುತ್ತದೆ. 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದು ಸಾರಿದೆ. ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ ಹತ್ತು ರೂಪಾಯಿಗಳಿಂದ ಐವತ್ತು ರೂಪಾಯಿಗಳವರೆಗೆ. ಅರವತ್ತು ವರ್ಷಗಳಿಗೂ ಮೀರಿದ ಆ ಮೊತ್ತ ಇಂದಿಗೂ ಹಾಗೆಯೇ ಉಳಿದಿದೆ. ಸಕಲ ಜೀವಿಗಳಲ್ಲಿ ದಯೆ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿಯೇ ಬರೆದುಕೊಂಡ ರಾಷ್ಟ್ರವು, ಹನ್ನೆರಡು ವರ್ಷ ಸಾಕಿದ ಪ್ರಾಣಿಯನ್ನು ಕಾಡಿನಂಚಿಗೆ ಎಸೆದವನಿಂದ ಐವತ್ತು ರೂಪಾಯಿ ವಸೂಲು ಮಾಡಿ ಸುಮ್ಮನಾಗುವುದು ಅಸಹ್ಯವಾದ ವೈಪರೀತ್ಯ. ಸಂಸತ್ತು ಇದನ್ನು ತಿದ್ದಲೇಬೇಕು.

ಕೊನೆಯ ದಿನದ ವಿಷಯವನ್ನು ಪಾಲಕರು ಮೊದಲ ದಿನವೇ ಮಾತನಾಡಿಕೊಳ್ಳಬೇಕು. ಔಷಧದಿಂದ ನೋವು ತಗ್ಗದ, ಅನ್ನನೀರನ್ನು ಮುಟ್ಟದ, ಎತ್ತಿ ನಿಲ್ಲಿಸಿದರೂ ನಿಲ್ಲಲಾರದ ಅವಸ್ಥೆ ಬಂದಾಗ, ಅರಿವಳಿಕೆಯ ಮೂಲಕ ವೈದ್ಯರು ಕೊಡುವ ದಯಾಮರಣವನ್ನು ಪಾಪವೆಂದು ತಿಳಿದು ದಿನಗಟ್ಟಲೆ ಮುಂದೂಡುವವರು ತಮ್ಮ ಅಂತಃಕರಣದ ಹೆಸರಿನಲ್ಲಿ ನಾಯಿಯ ದೇಹದಿಂದ ಬೆಲೆ ತೆರಿಸುತ್ತಾರೆ. ತೀರ ಬೇಗ ಅವಸರಪಡುವುದೂ ಅಷ್ಟೇ ಅನುಚಿತ. ತಿಳಿದ ವೈದ್ಯರ ಮಾತು ಇಲ್ಲಿ ಪ್ರಮಾಣ. ಅನಂತರದ ಸಂಸ್ಕಾರಕ್ಕೆ ಎಡೆಯಿಲ್ಲದೆ ಕಸದ ಗಾಡಿಯತ್ತ ನೋಡಬೇಕಾಗಿದ್ದ ದುಃಸ್ಥಿತಿ ಈಗ ಸ್ವಲ್ಪ ನೀಗಿದೆ. ನೆರೆಯ ಮಲಾಡಿನಲ್ಲಿ ಮುಂಬಯಿ ಮಹಾನಗರಪಾಲಿಕೆಯು 2023ರಲ್ಲಿ ಸಣ್ಣ ಪ್ರಾಣಿಗಳಿಗಾಗಿ ಅನಿಲದ ಚಿತಾಗಾರವನ್ನು ತೆರೆಯಿತು. ಪಾಲಿಕೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಮಕ್ಕಳಿಗೆ ಸಾವಿನ ದುಃಖ ತಟ್ಟುವುದೆಂದು ಅಂಜುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟೆ: ಆಜಿ ಹೋದಾಗ ಕಟ್ಟಡದ ಮಕ್ಕಳು ಅತ್ತರು, ಮಳೆಗಾಲ ಮುಗಿಯುವಷ್ಟರಲ್ಲಿ ಇನ್ನೊಂದು 'ಮ್ಹಾತಾರಿ'ಯನ್ನು, ಎಂದರೆ ಮುದುಕಿಯನ್ನು, ಯಾವಾಗ ತರುತ್ತೀರೆಂದು ನಮ್ಮ ಬಾಗಿಲು ಬಡಿದರು.

ಗೋರೆಗಾಂವಿನಲ್ಲಿ ಕರ್ನಾಟಕ ಸಂಘವಿದೆ, ಊರಿನ ಹೆಸರಿನ, ಜಾತಿಯ ಹೆಸರಿನ, ದೇವರ ಹೆಸರಿನ ಬೇರೆ ಸಂಸ್ಥೆಗಳೂ ಸುತ್ತಮುತ್ತ ಅನೇಕವಿವೆ. ವಿದ್ಯಾರ್ಥಿವೇತನಕ್ಕೆ, ಯಕ್ಷಗಾನಕ್ಕೆ, ರಕ್ತದಾನಕ್ಕೆ ಜನರನ್ನು ಒಂದುಗೂಡಿಸಿದ ಅನುಭವ ಇವುಗಳಿಗಿದೆ. ಮುದಿ ನಾಯಿಯನ್ನು ಇಟ್ಟುಕೊಳ್ಳಲು ಸಿದ್ಧರಿರುವ ಹತ್ತು ನಿವೃತ್ತ ಕುಟುಂಬಗಳ ಹೆಸರನ್ನು ಬರೆದಿಟ್ಟುಕೊಂಡು, ಹತ್ತಿರದ ವೈದ್ಯರೊಬ್ಬರೊಡನೆಯೂ ನಂಬಿಕೆಯ ಪ್ರಾಣಿಸಂಸ್ಥೆಯೊಂದರೊಡನೆಯೂ ಮಾತು ಮಾಡಿಕೊಳ್ಳುವುದು ಇವುಗಳಿಗೆ ಕಷ್ಟವಾದ ಕಾರ್ಯವಲ್ಲ. ಖರ್ಚು ಯಾರದು, ಯಾವ ಡಾಕ್ಟರು, ಕೊನೆಯ ನಿರ್ಧಾರ ಯಾರದು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಎರಡೂ ಕಡೆಯವರು ರುಜು ಹಾಕಬೇಕು. ಇವುಗಳ ಜೊತೆಗೆ ಮುಂಬಯಿಯ ಕನ್ನಡಿಗರು ಮರೆಯಲಾಗದ ಮತ್ತೊಂದು ಅಂಶವೂ ಆ ಹಾಳೆಯಲ್ಲಿ ಇರಬೇಕು: ಮೇ ತಿಂಗಳಿನಲ್ಲಿ ಮನೆಮಂದಿಯೆಲ್ಲ ಕೊಂಕಣ ರೈಲು ಹತ್ತಿ ಊರಿಗೆ ಹೊರಟಾಗ ನಾಯಿ ಯಾರ ಮನೆಯಲ್ಲಿರತಕ್ಕದ್ದು? ಆ ಎರಡನೆಯ ಮನೆಯವರು ಏಪ್ರಿಲಿನಲ್ಲಿ ಮೊದಲ ಬಾರಿಗೆ ಬಂದರೆ ಸಾಲದು. ಹಿಂದಿನ ದೀಪಾವಳಿಯಿಂದಲೇ ವಾರಕ್ಕೊಮ್ಮೆ ಬಂದು, ತಮ್ಮ ಕೈಯಿಂದ ಅನ್ನವಿಟ್ಟು, ತಮ್ಮ ವಾಸನೆಯನ್ನು ಅದಕ್ಕೆ ಪರಿಚಯಿಸಿರಬೇಕು. ರೈಲಿನ ಟಿಕೆಟ್ಟನ್ನು ತಿಂಗಳುಗಳ ಮುಂಚೆ ಕಾದಿರಿಸುವ ನಮಗೆ ಇದೇನೂ ಅಭ್ಯಾಸವಿಲ್ಲದ ಮುಂದಾಲೋಚನೆಯಲ್ಲ.